ಅಲ್ಮಾಸಬಿಯ ಕೈಗುಣ

ಬೆಟಗೇರಿಯ ಯಾವ ಚಹಾದಂಗಡಿಗಾದರೂ ಹೋಗಿ ಮೊಹಸಿನನ ಹೆಸರೆತ್ತಿ ನೋಡಿ. ಚಹಾ ಬರುವ ಮೊದಲೇ ಕಥೆ ಬರುತ್ತದೆ. ಗದಗ ಜಿಲ್ಲೆಯಾದ ಹೊಸತರಲ್ಲಿ ರಾಜ್ಯ ತಂಡಕ್ಕೆ ಆಡಿದ ನಮ್ಮ ಓಣಿಯ ಹುಡುಗ, ಅವನನ್ನು ಬೆಂಗಳೂರಿನವರು ಹೇಗೆ ತುಳಿದರು, ಯಾರ ಮಗನ ಸಲುವಾಗಿ ಹೊರಗಿಟ್ಟರು, ಎಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಾರೆ. ಹೇಳುವವರಲ್ಲಿ ಅರ್ಧ ಮಂದಿ ಲೆದರ್ ಚೆಂಡನ್ನು ಕೈಯಲ್ಲಿ ಹಿಡಿದವರೂ ಅಲ್ಲ. ನಾನು ಸುಮ್ಮನೆ ಚಹಾ ಕುಡಿದು ಎದ್ದು ಬರುತ್ತೇನೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳ ಆಡದ ದಿನ ನನಗೆ ಊಟ ರುಚಿಸುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಮೊಹಸಿನ ನನ್ನ ಬಾಯಿಗೆ ಬೀಗ ಹಾಕಿಸಿದ್ದ.

ನನ್ನ ಹೆಸರು ಶಿವಯೋಗಿ. ಮೊಹಸಿನ ಇನಿಂಗ್ಸ್ ಆರಂಭಿಸಿದಾಗಲೆಲ್ಲ ಇನ್ನೊಂದು ತುದಿಯಲ್ಲಿ ಇದ್ದವನು ನಾನು. ನಾನು ನಿಲ್ಲುತ್ತಿದ್ದೆ, ಅವನು ಹೊಡೆಯುತ್ತಿದ್ದ. ನಮ್ಮ ಜೋಡಿಯ ಗುಟ್ಟು ಇಷ್ಟೇ.

ಅವರದು ಗಾದಿ ಅಂಗಡಿ. ತಂದೆ ಅಬ್ದುಲಗನಿ ಹತ್ತಿ ಹಿಂಜುತ್ತಿದ್ದರು, ತಾಯಿ ಅಲ್ಮಾಸಬಿ ಗಾದಿ ಹೊಲಿಯುತ್ತಿದ್ದರು. ಮೊಹಸಿನ ಕೂದಲಿಗೆಲ್ಲ ಹತ್ತಿ ಅಂಟಿಸಿಕೊಂಡೇ ಮೈದಾನಕ್ಕೆ ಬರುತ್ತಿದ್ದ. ಹುಡುಗರು 'ಮುದುಕಪ್ಪ ಬಂದ' ಎಂದು ನಗುತ್ತಿದ್ದರು. ಅವನು ಬ್ಯಾಟು ಹಿಡಿದ ಮೇಲೆ ಯಾರೂ ನಗುತ್ತಿರಲಿಲ್ಲ. ನಮ್ಮ ಕಡೆ ಆಗ ಹುಲ್ಲಿನ ಪಿಚ್ ಎಲ್ಲಿತ್ತು? ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಬಡಿದು ಆಡುವುದು. ಮ್ಯಾಟಿನ ಮೇಲೆ ಬಿದ್ದ ಚೆಂಡು ಸೀದಾ ಎದೆಗೆ ಏರುತ್ತದೆ. ನಾವೆಲ್ಲ ಹಿಂದಕ್ಕೆ ಸರಿದು ಜೀವ ಉಳಿಸಿಕೊಂಡರೆ ಅವನು ಅದೇ ಚೆಂಡಿಗಾಗಿ ಕಾದು ನಿಂತು ಬೌಂಡರಿಯಾಚೆ ಎತ್ತುತ್ತಿದ್ದ. ಲಕ್ಷ್ಮೇಶ್ವರದ ಟೂರ್ನಿಗೆ ಅವನು ಬರುತ್ತಾನೆಂದು ಗೊತ್ತಾದರೆ ಜನ ಮರ ಹತ್ತಿ ಕೂರುತ್ತಿದ್ದರು. ಶಿರಹಟ್ಟಿಯಲ್ಲಿ ಒಬ್ಬ ಅಡತಿ ವ್ಯಾಪಾರಿ ತನ್ನ ಕೈಯ ಬೆಳ್ಳಿ ಕಡಗ ಬಿಚ್ಚಿ ಅವನ ಕೈಗೆ ಹಾಕಿದ. ಧಾರವಾಡದವರು ನಮ್ಮ ಹೊಸ ಜಿಲ್ಲೆಯನ್ನು ಮೂಗು ಮುರಿದು ನೋಡುತ್ತಿದ್ದ ಕಾಲ ಅದು. ಅವರ ಎದುರೇ ಅವನು ದ್ವಿಶತಕ ಹೊಡೆದ. ಮುಂದಿನ ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾದ. ಮೊದಲ ಋತುವಿನಲ್ಲೇ ಅವನು ಶತಕ ಹೊಡೆದಾಗ ಅಲ್ಮಾಸಬಿ ಓಣಿಗೆಲ್ಲ ಶೀರಕುರ್ಮಾ ಹಂಚಿದರು. ಹಬ್ಬವಲ್ಲದ ದಿನ ಅವರ ಮನೆಯಲ್ಲಿ ಶೀರಕುರ್ಮಾ ಕಂಡದ್ದು ನಾನು ಅದೊಂದೇ ಸಲ.

ಆ ಮನೆಯ ಅಂಗಳದಲ್ಲಿ ಒಂದು ನಂದಿಬಟ್ಟಲ ಗಿಡ. ಯಾರಿಗೇ ಕಣ್ಣು ಕೆಂಪಾಗಲಿ, ಉರಿಯಲಿ, ಬೆಳಗಿನ ಹೂವು ಕಿತ್ತು, ತೆಳು ಅರಿವೆಯಲ್ಲಿ ಕಟ್ಟಿ ಹಿಂಡಿ, ಅಲ್ಮಾಸಬಿ ಎರಡು ಹನಿ ಬಿಡುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ಅವರ ಕೈಗುಣ ದೊಡ್ಡದೆಂದು ಅಸುಂಡಿ, ಹಿರೇಹಂದಿಗೋಳದಿಂದ ಹೆಣ್ಣುಮಕ್ಕಳು ಬರುತ್ತಿದ್ದರು. ನನ್ನ ಕಣ್ಣಿಗೂ ಸಣ್ಣವನಿದ್ದಾಗ ಹಾಕಿದ್ದಾರೆ. ತಂಪಾಗಿತ್ತು, ಅಷ್ಟೇ ನೆನಪು.

ರಾಜ್ಯದ ಎರಡನೇ ಋತುವಿಗೆ ಇನ್ನೂ ಕೆಲ ತಿಂಗಳಿದ್ದಾಗ ಮುಂಡರಗಿಯಲ್ಲಿ ಒಂದು ಪ್ರದರ್ಶನ ಪಂದ್ಯ. ಬೇಡವೆಂದು ನಾನು ಹೇಳಿದ್ದೆ. 'ನಮ್ಮ ಮಂದಿ ಕರದಾಗ ಬರೂದಿಲ್ಲ ಅನ್ನಾಕ ಆಗ್ತೈತೇನಲೇ' ಎಂದು ಹೊರಟ. ಮ್ಯಾಟಿನ ಮೊಳೆಯೊಂದು ಎದ್ದಿತ್ತು. ಅದಕ್ಕೆ ತಾಗಿದ ಚೆಂಡು ಪುಟಿದು ಅವನ ಬಲಗಣ್ಣಿಗೆ ಬಡಿಯಿತು. ಅಲ್ಲಿಯ ಡಾಕ್ಟರು ನೋಡಿ, ಮೇಲೆ ಗೀರಿದೆ ಅಷ್ಟೇ ಎಂದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಮುಟ್ಟಬೇಡಿ ಎಂದೂ ಹೇಳಿದರು. ಆದರೆ ಮಗನ ಕಣ್ಣಿಗೆ ಪೆಟ್ಟಾಗಿರುವಾಗ ಓಣಿಯ ಕಣ್ಣೆಲ್ಲ ನೋಡುವ ತಾಯಿ ಕೈಕಟ್ಟಿ ಕೂರುವುದುಂಟೆ? ಅಲ್ಮಾಸಬಿ ಪಟ್ಟಿ ಬಿಚ್ಚಿದರು. ವಾರವಿಡೀ ಬೆಳಿಗ್ಗೆ ಹೂವು ಕಿತ್ತು ರಸ ಹಿಂಡಿದರು. ಮಗ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ.

ವಾರ ಕಳೆದು ನಾನೇ ಅವನನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ದೀಪ ಹಿಡಿದು ನೋಡಿ, ಸಿಟ್ಟಿನಿಂದ ಕೇಳಿದರು: "ಇದಕ್ಕ ಏನು ಹಾಕೀರಿ?" ಮೊಹಸಿನ ಹೇಳಿದ. ಡಾಕ್ಟರು ದೀಪ ಆರಿಸಿದರು. "ಗಾಯ ಇಲ್ಲದ ಕಣ್ಣಿಗೆ ಅದು ಏನೂ ಮಾಡ್ತಿರಲಿಲ್ಲ. ಗೀರಿದ ಕಣ್ಣಿಗೆ ಹಾಕಿದ್ದಕ್ಕ ನಂಜಾಗೇತಿ. ಬಾಲಿನ ಪೆಟ್ಟು ನಾಕು ದಿನದಾಗ ತಾನಽ ಮಾಯ್ತಿತ್ತು." ಔಷಧ ಬರೆದುಕೊಟ್ಟು, ದೃಷ್ಟಿಯ ಆಸೆ ಬಿಡಿ ಎಂದರು. ಮುಂದೆ ನಂಜು ನಿಂತಿತು, ದೃಷ್ಟಿ ಬರಲಿಲ್ಲ. ಕಣ್ಣಿನ ಕರಿಗುಡ್ಡೆಯ ಮೇಲೆ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಬೂದು ಮಚ್ಚೆ ಉಳಿಯಿತು.

ಅವತ್ತು ನಾವು ವಾಪಸು ಬರುವ ಬಸ್ಸು ಅಣ್ಣಿಗೇರಿ ದಾಟಿತು. ಮೊಹಸಿನ ನನ್ನ ಕೈ ಹಿಡಿದ. "ಶಿವಾ, ಅಮ್ಮಗ ಇದು ಗೊತ್ತಾಗಬಾರದು. ಕಣ್ಣು ಕಾಣಸ್ತೈತಿ ಅಂತಽ ಹೇಳ್ತೀನಿ. ನೀ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ನಿನ್ನ ಆಟ?"

"ಆಡ್ತೀನಿ. ಇನ್ನೊಂದು ಕಣ್ಣೈತೆಲ್ಲ."

ನಾನು ಮಾತು ಕೊಟ್ಟೆ. ಆಗ ಅವನಿಗೆ ಇಪ್ಪತ್ತೆರಡು ವರ್ಷ, ನನಗೂ ಅಷ್ಟೇ. ಆ ವಯಸ್ಸಿನಲ್ಲಿ ಮಾತು ಕೊಡುವುದೆಂದರೆ ಏನೂ ಭಾರವಲ್ಲ.

ಒಂದೇ ಕಣ್ಣಿಗೆ ಚೆಂಡು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ಎರಡನೇ ಋತುವಿನಲ್ಲಿ ಅವನು ಸೊನ್ನೆಗೆ, ನಾಲ್ಕಕ್ಕೆ, ಮತ್ತೆ ಸೊನ್ನೆಗೆ ಔಟಾದ. ಸ್ಲಿಪ್ಪಿನಲ್ಲಿ ಕೈಗೆ ಬಂದ ಕ್ಯಾಚು ಬಿಟ್ಟ. ತಂಡದಿಂದ ಕೈಬಿಟ್ಟರು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಗದಗಿನಲ್ಲಿ ಬೆಂಕಿ ಹತ್ತಿಕೊಂಡಿತು. ಗಾಂಧಿ ಸರ್ಕಲ್ಲಿನಲ್ಲಿ ಧರಣಿ, ಘೋಷಣೆ, ಆಯ್ಕೆದಾರರ ಪ್ರತಿಕೃತಿ ದಹನ. ಅದರ ಮುಂದಿನ ಸಾಲಿನಲ್ಲಿ ಅಲ್ಮಾಸಬಿ. ಬುರ್ಖಾದ ಅಂಚು ಸೊಂಟಕ್ಕೆ ಸಿಕ್ಕಿಸಿ, ಉರಿಯುವ ಗೊಂಬೆಯ ಮೇಲೆ ಮುಷ್ಟಿ ತುಂಬ ಮಣ್ಣು ತೂರಿ, "ನನ್ನ ಮಗನ ಅನ್ನ ಕಸಗೊಂಡವರು ಉದ್ಧಾರ ಆಗಬ್ಯಾಡ್ರಿ" ಎಂದು ಶಾಪ ಹಾಕಿದರು. ಮೊಹಸಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಆ ವರ್ಷವಿಡೀ ಹೆಚ್ಚುಕಡಿಮೆ ಹಾಗೇ ಮಲಗಿದ್ದ.

ಮುಂದೆ ಎದ್ದ, ಗಾದಿ ಅಂಗಡಿ ನೋಡಿಕೊಂಡ, ಫರ್ಹಾನಾಳನ್ನು ಮದುವೆಯಾದ, ಮತ್ತೆ ಬ್ಯಾಟು ಹಿಡಿದ. ನಮ್ಮ ಜಿಲ್ಲೆಯ ಮೈದಾನಗಳಲ್ಲಿ ಹತ್ತು ವರ್ಷ ರಾಶಿ ರಾಶಿ ರನ್ನು ಹೊಡೆದ. ಹೇಗೆ ಎಂದರೆ, ಇನ್ನೊಂದು ತುದಿಯಲ್ಲಿ ನಾನಿದ್ದೆ. ಬೌಲರನ ಕೈಯಲ್ಲಿ ಚೆಂಡಿನ ಹೊಳಪು ಯಾವ ಮಗ್ಗುಲಿಗಿದೆಯೋ ಆ ಕೈಗೆ ನಾನು ಬ್ಯಾಟು ಬದಲಿಸುತ್ತಿದ್ದೆ. ಅದರಿಂದ ಚೆಂಡು ಯಾವ ಕಡೆ ತಿರುಗುತ್ತದೆಂದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ರನ್ನಿಗೆ ಓಡುವಾಗ ಅವನ ಕುರುಡು ಮಗ್ಗುಲಿನಿಂದ ಫೀಲ್ಡರ್ ನುಗ್ಗಿದರೆ "ಬಲಕ್ಕ!" ಎಂದು ಕೂಗುತ್ತಿದ್ದೆ. ಅವನು ನೋಡದೆಯೇ ನಿಲ್ಲುತ್ತಿದ್ದ. ಬೆಂಗಳೂರಿನ ತಂಡದಲ್ಲಿ ಹೀಗೆ ಕೂಗಲು ಯಾರಿದ್ದರು? ಜನ ಅವನ ರನ್ನು ನೋಡಿ, "ಇಂಥಾ ಆಟಗಾರನ್ನ ಹೊರಗ ಹಾಕಿದ್ರಲ್ಲ" ಎಂದು ಇನ್ನಷ್ಟು ಉರಿದುಬೀಳುತ್ತಿದ್ದರು.

ಅಲ್ಮಾಸಬಿಗಂತೂ ಎರಡು ಹೆಮ್ಮೆ. ಮಗ ದೊಡ್ಡ ಬ್ಯಾಟ್ಸ್‌ಮನ್, ಬೆಂಗಳೂರಿನವರು ಹೊಟ್ಟೆಕಿಚ್ಚಿನಿಂದ ತುಳಿದರು ಎಂಬುದು ಒಂದು. ಚೆಂಡು ಬಡಿದ ಅವನ ಕಣ್ಣನ್ನು ತಾನೇ ಉಳಿಸಿದೆ ಎಂಬುದು ಇನ್ನೊಂದು. ಕಣ್ಣಿಗೆ ಹಾಕಿಸಿಕೊಳ್ಳಲು ಬಂದ ಹೆಣ್ಣುಮಕ್ಕಳಿಗೆಲ್ಲ ಮಗನನ್ನು ಕರೆದು ತೋರಿಸುತ್ತಿದ್ದರು. "ನೋಡ್ರಿ, ಬಾಲ್ ಬಡದ ಕಣ್ಣು ಇದು. ಹ್ಯಾಂಗೈತಿ!" ಮೊಹಸಿನ ಹಲ್ಲು ಕಿಸಿದು ನಿಲ್ಲುತ್ತಿದ್ದ.

ಹೀಗೆಯೇ ಎಲ್ಲ ಮುಗಿದುಹೋಗುತ್ತಿತ್ತೇನೋ. ಆದರೆ ಅವನಿಗೆ ಮಗಳು ಹುಟ್ಟಿದ್ದಳು. ಅಫ್ರೀನ. ನಡೆಯಲು ಕಲಿತಾಗಿನಿಂದ ಗಾದಿಯ ಉದ್ದ ಸೂಜಿ ಬಿಟ್ಟು ಬ್ಯಾಟಿಗೇ ಕೈಹಾಕಿದವಳು. ಮೊಹಸಿನ ದಿನಾ ಬೆಳಿಗ್ಗೆ ಅವಳನ್ನು ಮೈದಾನಕ್ಕೆ ಕರೆದೊಯ್ದು ಮ್ಯಾಟ್ ಹಾಸುತ್ತಿದ್ದ, ನಾನು ಚೆಂಡು ಎಸೆಯುತ್ತಿದ್ದೆ. ಎದೆಗೇರುವ ಚೆಂಡಿಗೆ ಅವಳು ಕಾದು ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ದೂಳು ಬಿತ್ತೆಂದು ಹೇಳಿದೆ. ಹದಿನೇಳು ತುಂಬಿದಾಗ ರಾಜ್ಯದ ಹುಡುಗಿಯರ ತಂಡದ ಶಿಬಿರಕ್ಕೆ ಆಯ್ಕೆಯಾದಳು. ಬೆಂಗಳೂರಿನಲ್ಲಿ ಒಂದು ತಿಂಗಳು.

ಅಬ್ದುಲಗನಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಲ್ಮಾಸಬಿಯದೇ ಕೊನೆಯ ಮಾತು. ಅವರವರೊಳಗೆ ಉರ್ದು, ನಾನಿದ್ದರೆ ಕನ್ನಡ. ಅವತ್ತು ನಾನಿದ್ದೆ.

"ಬೆಂಗಳೂರಾ?" ಎಂದರು ಅಲ್ಮಾಸಬಿ. "ನನ್ನ ಮಗನ್ನ ನುಂಗಿದ ಊರು ಅದು. ಈಗ ಮೊಮ್ಮಗಳೂ ಬೇಕಂತೇನು ಅದಕ್ಕ?"

"ದಾದಿ, ಈಗ ಹಂಗಿಲ್ಲ…" ಎಂದಳು ಅಫ್ರೀನ ಅಜ್ಜಿಗೆ.

"ನಿನಗೇನ ಗೊತ್ತು? ನಿಮ್ಮಪ್ಪ ಒಂದು ವರ್ಸ ಗ್ವಾಡಿಗೆ ಮಾರಿ ಮಾಡಿ ಮಲಗಿದ್ದ. ಅವನ ಬಾಯಾಗ ತುತ್ತು ಇಟ್ಟಾಕಿ ನಾನು. ನನ್ನ ಮಗನ ಆಟಕ್ಕಽ ಬೆಲೆ ಕೊಡಲಾರದವರು ನಿನಗ ಕೊಡ್ತಾರೇನು? ನಾ ಸತ್ತಮ್ಯಾಲ ಹೋಗು."

ಅಂದಿನಿಂದ ಊಟ ಬಿಟ್ಟರು. ಫರ್ಹಾನಾ ತಾಟು ಒಯ್ದಿಟ್ಟು ವಾಪಸು ತರುತ್ತಿದ್ದಳು. ಅಫ್ರೀನ ಅಳಲಿಲ್ಲ. ಗಾದಿ ಅಂಗಡಿಯ ತೊಲೆಗೆ ಕಾಲುಚೀಲದಲ್ಲಿ ಚೆಂಡು ಕಟ್ಟಿ ತೂಗುಹಾಕಿ, ಅದನ್ನೇ ಹೊಡೆಯುತ್ತ ನಿಂತಳು. ಆ ಸದ್ದು ಕೇಳಲಾರದೆ ನಾನು ಮೊಹಸಿನನನ್ನು ಹತ್ತಿಯ ಮೂಟೆಗಳ ಹಿಂದೆ ಎಳೆದೊಯ್ದೆ.

"ಇನ್ನ ಹೇಳಿಬಿಡು. ನಿನ್ನ ಯಾರೂ ತುಳಿದಿಲ್ಲ, ಕಣ್ಣು ಹೋಗಿತ್ತು ಅಂತ ಹೇಳು. ಅಲ್ಲಿಗೆ ಅವರ ಅಂಜಿಕಿ ಹೋಗ್ತೈತಿ."

"ಕಣ್ಣು ಹ್ಯಾಂಗ ಹೋತು ಅಂತ ಕೇಳಿದ್ರ?"

"ಬಾಲ್ ಬಡದು ಅನ್ನು."

"ಬಾಲ್ ಬಡದು ಮೂರು ದಿನದ ಮ್ಯಾಲೂ ಆ ಕಣ್ಣಲೆ ಗಡಿಯಾರ ನೋಡಿ ಟೈಮ್ ಹೇಳೀನಿ ಶಿವಾ, ಅಕಿಗೆ ಖುಷಿ ಆಗಲಿ ಅಂತ. ಮಸಕು ಮಸಕು ಕಾಣಸ್ತಿತ್ತು. ಅಕಿ ಮರತಿಲ್ಲ. ಬಾಲಿನಿಂದ ಹೋಗಿದ್ರ ಅವತ್ತಽ ಹೋಗಬೇಕಿತ್ತಲ್ಲ ಅಂತ ಎಲ್ಲಾ ಜೋಡಿಸಿ ನೋಡ್ತಾಳ." ಅವನು ಹತ್ತಿ ಹಿಸುಕುತ್ತ ಕೂತ. "ಅಕಿ ಎಪ್ಪತ್ತರ ಮುದುಕಿ. ಊರ ಮಕ್ಕಳ ಕಣ್ಣು ನೋಡಿದ ಕೈ ಅದು. ಆ ಕೈಯಿಂದಽ ನನ್ನ ಕಣ್ಣು ಹೋತು ಅಂತ ನಾ ಹ್ಯಾಂಗ ಹೇಳ್ಲಿ?"

"ಮತ್ತ ಮಗಳು?" ಎಂದೆ. ಸಿಟ್ಟು ನೆತ್ತಿಗೇರಿತ್ತು. "ತಾಯಿ ಕಡೆ ನೋಡಿ ಮಗಳ ಕಾಲು ಮುರೀತಿಯೇನು?"

ಅವನು ಎದ್ದು ಸೀದಾ ಒಳಗೆ ಹೋದ. ನಾನೂ ಹಿಂದೆ ಹೋದೆ. ಅಲ್ಮಾಸಬಿ ಹೊರಸಿನ ಮೇಲೆ ಮಲಗಿದ್ದರು. ಅವನು ಕೆಳಗೆ ನೆಲದ ಮೇಲೆ ಕೂತ.

"ಅಮ್ಮಾ, ಖರೆ ಹೇಳ್ತೀನಿ. ನನ್ನ ಯಾರೂ ತುಳಿದಿಲ್ಲ. ನನಗಽ ಆಡಾಕ ಬರಲಿಲ್ಲ. ಅಲ್ಲಿಯ ಬೌಲಿಂಗ್ ಜೋರಿತ್ತು. ಅಂಜಿದೆ. ಊರಿಗೆ ಬಂದು ಹೇಳಾಕ ನಾಚಿಕಿ ಆತು."

ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಂಜಿದನಂತೆ! ಹೆಲ್ಮೆಟ್ಟಿಲ್ಲದೆ ಮ್ಯಾಟಿನ ಮೇಲೆ ಎದೆಯೊಡ್ಡಿ ನಿಂತವನು!

ಅಲ್ಮಾಸಬಿ ನಿಧಾನವಾಗಿ ಎದ್ದು ಕೂತರು. "ಅಂಜಿದ್ಯಾ?"

"ಹೂಂ ಅಮ್ಮಾ."

"ನಾ ನಡುಬೀದ್ಯಾಗ ನಿಂತು ಮಂದೀಗೆ ಶಾಪ ಹಾಕಿದೆ. ಇಪ್ಪತ್ತು ವರ್ಸ ಕಂಡಕಂಡವರ ಮುಂದ ಜಗಳಾಡಿದೆ. ಏನೂ ಮಾಡದವರಿಗೆ ಬದ್ದುವಾ ಕೊಟ್ಟೆ. ನೀ ಒಳಗ ಮಲಗಿ ಎಲ್ಲಾ ಕೇಳಕೋತ ಇದ್ದಿ."

ಅವನು ತಲೆ ತಗ್ಗಿಸಿದ. ಅವರು ನನ್ನ ಕಡೆ ನೋಡಿದರು. "ಶಿವಯೋಗಿ, ನಿನಗೂ ಗೊತ್ತಿತ್ತೇನಪಾ?" ನಾನು ಗೋಣು ಹಾಕಿದೆ.

"ಹೋಗ್ಲಿ ಹುಡುಗಿ," ಎಂದರು ಕೊನೆಗೆ. "ಅಕಿನರ ಅಂಜದಽ ಆಡ್ಲಿ." ಫರ್ಹಾನಾಳನ್ನು ಕರೆದು ಊಟ ತರಿಸಿಕೊಂಡರು. ಉಂಡ ಮೇಲೆ, ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಇದ್ದ ಮೊಹಸಿನನ ಫೋಟೋ, ಬೆಳ್ಳಿ ಕಡಗದ ಕೈಯಲ್ಲಿ ಬ್ಯಾಟು ಎತ್ತಿ ನಿಂತದ್ದು, ಅದನ್ನು ತೆಗೆಸಿ ಟ್ರಂಕಿನ ಹಿಂದೆ ಇಡಿಸಿದರು. ಮೊಹಸಿನ ತಾನೇ ಸ್ಟೂಲು ಹತ್ತಿ ತೆಗೆದುಕೊಟ್ಟ. ನಾನು ಅಂಗಡಿಗೆ ಬಂದು ಅವತ್ತು ಇಬ್ಬರು ಗಿರಾಕಿಗಳನ್ನು ಬೈದು ಓಡಿಸಿದೆ.

ಅಫ್ರೀನ ಹೊರಡುವ ಹಿಂದಿನ ದಿನ ಸಂಜೆ ಕೊನೆಯ ಅಭ್ಯಾಸ. ಅವಳು ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದಾಗ ಪಕ್ಕದ ನೆಟ್ಟಿನಿಂದ ಹಾರಿಬಂದ ಚೆಂಡು ಹುಬ್ಬಿಗೆ ತಾಗಿ ಕಣ್ಣಿಗೆ ಸವರಿಕೊಂಡು ಹೋಯಿತು. ಮೊಹಸಿನನ ಮುಖ ಬಿಳಿಚಿತು. ಅವಳನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಇಬ್ಬರೂ ದವಾಖಾನೆಗೆ ಓಡಿದೆವು. ಡಾಕ್ಟರು ನೋಡಿ, ಮೇಲೆ ಗೀರಿದೆ ಅಷ್ಟೇ, ಮುಲಾಮು ಹಚ್ಚಿದ್ದೇನೆ, ಪಟ್ಟಿ ಬಿಚ್ಚಬೇಡಿ, ಶಿಬಿರಕ್ಕೆ ಹೋಗಲು ಅಡ್ಡಿಯಿಲ್ಲ ಎಂದರು. ಮೊಹಸಿನ ಆ ಮಾತನ್ನು ಅವರಿಂದ ಎರಡೆರಡು ಸಲ ಹೇಳಿಸಿದ.

ಮರುದಿನ ಬೆಳಿಗ್ಗೆ ನಾನು ಹೋದಾಗ ಬಾಗಿಲಲ್ಲಿ ಆಟೋ ನಿಂತಿತ್ತು. ಫರ್ಹಾನಾ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಮೊಹಸಿನ ಪಡಸಾಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಿಟ್ ಬ್ಯಾಗಿನ ಬೆಲ್ಟು ಬಿಗಿಯುತ್ತಿದ್ದ. ಅವನ ಬಲಕ್ಕೆ, ಕೈಗೆಟಕುವಷ್ಟೇ ದೂರದಲ್ಲಿ, ಹೊರಸಿನ ಮೇಲೆ ಅಲ್ಮಾಸಬಿ. ಅವರ ತೊಡೆಯ ಮೇಲೆ ಅಫ್ರೀನಳ ತಲೆ. ಕಣ್ಣಿನ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಿತ್ತು. ಮುದುಕಿಯ ಬೆರಳುಗಳಲ್ಲಿ ಬಿಳಿ ಅರಿವೆಯ ಪುಟ್ಟ ಗಂಟು. ಅದರ ತುದಿಯಲ್ಲಿ ಹನಿ ಮೂಡುತ್ತಿತ್ತು.

"ಅಲ್ಲಾಡಬ್ಯಾಡ ಬೇಟಾ," ಎಂದು ಅವರು ಪಿಸುಗುಟ್ಟಿದರು. "ನಿಮ್ಮಪ್ಪನ ಕಣ್ಣು ಉಳಿಸಿದ್ದೂ ಇದಽ."

ಮೊಹಸಿನ ಬೆಲ್ಟಿನ ಮೇಲೆ ಬಗ್ಗಿದ್ದ. ಅದು ಅವನ ಕುರುಡು ಮಗ್ಗುಲು. ವಿವರಿಸಿ ಹೇಳಲು ಹೊತ್ತಿರಲಿಲ್ಲ. ಬಾಗಿಲಲ್ಲಿ ನಿಂತೇ ಮೈದಾನದಲ್ಲಿ ಕೂಗಿದ ಹಾಗೆ ಕೂಗಿದೆ:

"ಮೊಹಸ್ಯಾ, ಬಲಕ್ಕ!"

ಅವನು ನೋಡಲಿಲ್ಲ. ನೋಡುವ ಮೊದಲೇ ಬಲಗೈ ಚಾಚಿದ. ಹೊರಳಿ, ಮಗಳ ಕಣ್ಣಿನ ಮೇಲೆ ಅಂಗೈ ಬಟ್ಟಲು ಮಾಡಿ ಮುಚ್ಚಿದ. ಹನಿ ಅವನ ಕೈಯ ಮೇಲೆ ಬಿತ್ತು.

"ಬ್ಯಾಡಮ್ಮಾ."

"ಯಾಕೋ? ಕಣ್ಣಿಗೆ ಗಾಯ ಆಗೇತಿ."

"ಅದಕ್ಕಽ ಬ್ಯಾಡ." ಅವನು ಕೈ ತೆಗೆಯಲಿಲ್ಲ.

ಅಲ್ಮಾಸಬಿ ಆ ಕೈಯನ್ನು ನೋಡಿದರು. ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಮಗನ ಮುಖವನ್ನು ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಅವನ ಎಡಗಣ್ಣನ್ನು, ಒಳ್ಳೆಯ ಕಣ್ಣನ್ನು, ಮುಚ್ಚಿದರು.

"ನಾ ಕಾಣಸ್ತೀನೇನು?"

"ಕಾಣಸ್ತಿ ಅಮ್ಮಾ."

"ಎಷ್ಟು ಬೆರಳು ತೋರ್ಸಾಕತ್ತೀನಿ?"

ಅವನು ತಡವರಿಸಿದ. "ಎರಡು."

ಅವರು ಬೆರಳು ಎತ್ತಿರಲೇ ಇಲ್ಲ. ಅವರ ಬಲಗೈ ಅರಿವೆಯ ಗಂಟು ಹಿಡಿದು ತೊಡೆಯ ಪಕ್ಕದಲ್ಲಿ ಬಿದ್ದಿತ್ತು. ಫರ್ಹಾನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೊರಗೆ ಆಟೋದವನು ಹಾರ್ನ್ ಬಾರಿಸಿದ.

"ನೀ ಅಂಜಿರಲಿಲ್ಲ," ಎಂದರು ಅಲ್ಮಾಸಬಿ.

ತಾಯಿಯ ಅಂಗೈಯ ಕೆಳಗಿನಿಂದ ಮೊಹಸಿನನ ಕೆನ್ನೆಗೆ ನೀರಿಳಿಯಿತು. ಅವರು ಕೈ ತೆಗೆದರು. ಪಕ್ಕಕ್ಕಿಟ್ಟಿದ್ದ ಪಟ್ಟಿಯನ್ನು ಎತ್ತಿಕೊಂಡರು. ಕೈ ಮೊಮ್ಮಗಳ ಮುಖದ ತನಕ ಬಂದು ನಿಂತಿತು. ಅವರು ಅದನ್ನು ಸೊಸೆಯ ಕಡೆ ಚಾಚಿದರು.

"ಫರ್ಹಾನಾ, ನೀ ಕಟ್ಟು. ಮೊದಲ ಡಾಕ್ಟರ ಕಡೆ ಹೋಗಿ ತೋರಿಸಿ, ಆಮ್ಯಾಲ ಬಸ್ ಹತ್ರಿ."

ಅಫ್ರೀನ ಅವರ ಕೊರಳಿಗೆ ಕೈಹಾಕಿ ಅಪ್ಪಿಕೊಂಡಳು. ಅಲ್ಮಾಸಬಿ ಅವಳನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

ಆಟೋ ಹೊರಟಿತು. ನಾನು ಚಪ್ಪಲಿ ಮೆಟ್ಟುವಾಗ ಅಸುಂಡಿಯ ಕರೆವ್ವ ಬಾಗಿಲಿಗೆ ಬಂದಳು, ಕಂಕುಳಲ್ಲಿ ಮೊಮ್ಮಗು. "ಅಮ್ಮಾ, ಇದರ ಕಣ್ಣು ನಿನ್ನಿಯಿಂದ ಕೆಂಪಗಾಗೇತ್ರಿ. ನಿಮ್ಮ ಕೈಲೆ ಒಂದೆರಡು ಹನಿ ಹಾಕ್ರಿ."

ಅಲ್ಮಾಸಬಿ ಹೊಸ್ತಿಲಲ್ಲಿ ನಿಂತಿದ್ದರು. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

"ದವಾಖಾನಿಗೆ ಕರ್ಕೊಂಡು ಹೋಗವಾ ಕರೆವ್ವ," ಎಂದರು. "ನನ್ನ ಕೈಗುಣ ಚೊಲೊ ಇಲ್ಲ."